ಬೆಂಗಳೂರು ದಕ್ಷಿಣ: ಕತೆ ಶುರುವಾದದ್ದು 1977ರಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಮಾತು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಬಗ್ಗೆ. ಬಸವನಗುಡಿ, ಜಯನಗರ, ಹನುಮಂತನಗರ, ಬನಶಂಕರಿ, ಆ ಕಡೆ ವಿಜಯನಗರ, ಗೋವಿಂದರಾಜನಗರ, ಈ ಕಡೆ ಬಿಟಿಎಂ ಲೇಔಟು, ಬೊಮ್ಮನಹಳ್ಳಿ. ಈ ಹೊತ್ತಿನಲ್ಲಿ ಅಲ್ಲೆಲ್ಲ ಸೊಪ್ಪು ಸೋಸುತ್ತಲೋ ಕಾಫಿ ಕುಡಿಯುತ್ತಲೋ ರೇಡಿಯೊ ಹಾಕಿಕೊಂಡು ಕೂತಿರುತ್ತೀರಲ್ಲ, ನಾನು ಮಾತಾಡುತ್ತಿರುವುದು ನಿಮ್ಮ ಜೊತೆಗೇ. ಬೇರೆಯವರು ಕೇಳಿದರೂ ಸಂತೋಷ.

ನನಗೆ ಹೇಳಬೇಕಾಗಿರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ 1991ರಿಂದ ಇವತ್ತಿನವರೆಗೆ ಬಿಜೆಪಿ ಬಿಟ್ಟು ಬೇರೆ ಯಾವ ಪಕ್ಷವೂ ಗೆದ್ದಿಲ್ಲ. ಅದಕ್ಕೇ ಚುನಾವಣೆ ಬಂದಾಗಲೆಲ್ಲ ಟಿವಿಯಲ್ಲಿ ಕೂತವರು ಕತೆಯನ್ನು 1991ರಿಂದ ಶುರು ಮಾಡುತ್ತಾರೆ, ಇನ್ನು ಕೆಲವರು 1996ರಿಂದ. ಅದು ಸರಿಯಲ್ಲ. ಕತೆ ಶುರುವಾದದ್ದು 1977ರಲ್ಲಿ. 1977ರಿಂದ 2024ರವರೆಗೆ ಇಲ್ಲಿ 13 ಲೋಕಸಭಾ ಚುನಾವಣೆ ನಡೆದಿವೆ. ಕಾಂಗ್ರೆಸ್ ಗೆದ್ದದ್ದು ಒಂದೇ ಒಂದು ಸಲ, 1989ರಲ್ಲಿ. ಮಿಕ್ಕ 12 ಸಲ ಸೋತಿದೆ. ಕಾಂಗ್ರೆಸ್ಸನ್ನು ಇಲ್ಲಿಂದ ಎಬ್ಬಿಸಿದ್ದು ಬಿಜೆಪಿ ಅಲ್ಲ. ಬಿಜೆಪಿ ಅನ್ನೋ ಪಕ್ಷ ಹುಟ್ಟಿದ್ದೇ 1980ರಲ್ಲಿ. ಕಾಂಗ್ರೆಸ್ಸನ್ನು ಎಬ್ಬಿಸಿದ್ದು 1977ರಲ್ಲಿ ಈ ಬಡಾವಣೆಗಳ ಜನ.

ಒಂದು ಗೊಂದಲ ಬೇಡ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು, ನಾನು ಅದರ ವಿಷಯ ಹೇಳುತ್ತಿಲ್ಲ. ಬೆಂಗಳೂರು ದಕ್ಷಿಣ ಅಂತ ಒಂದು ವಿಧಾನಸಭಾ ಕ್ಷೇತ್ರವೂ ಇದೆ, ಅದೂ ಅಲ್ಲ. ಇದು ಲೋಕಸಭಾ ಕ್ಷೇತ್ರದ ಮಾತು.

ಮೊದಲು ಈ ಜಾಗ ಹೇಗಾಯಿತು ಅಂತ ನೋಡೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸಾಯುತ್ತಿದ್ದರು. ಊರಿನ ಹೊರಗೆ ಗಾಳಿ ಬೆಳಕು ಇರುವ ಕಡೆ ಅಗಲವಾದ ರಸ್ತೆ ಹಾಕಿ ಬಸವನಗುಡಿ, ಮಲ್ಲೇಶ್ವರ ಕಟ್ಟಿದರು. ಆಮೇಲೆ 1945ರಲ್ಲಿ ಬಡಾವಣೆ ಮಾಡಿ ಸೈಟು ಹಂಚುವುದಕ್ಕೆ ಸಿಐಟಿಬಿ, ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಬಂತು. ಹಳಬರಿಗೆ ಈ ಹೆಸರು ಚೆನ್ನಾಗಿ ಗೊತ್ತು. 1948ರಲ್ಲಿ ಜಯನಗರ. 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಹೊಲ, ತೋಟ, ಕೆರೆ ಅಂಗಳ ಇದ್ದ ಕಡೆ ಬ್ಲಾಕು, ಮೇನ್ ರೋಡು, ಅಡ್ಡರಸ್ತೆ, ಮೂವತ್ತು ನಲವತ್ತರ ಸೈಟು.

ಸೈಟು ಸಿಕ್ಕಿದ್ದು ಯಾರಿಗೆ? ಹೆಚ್ಚಿನ ಪಾಲು ಸಂಬಳದ ಜನಕ್ಕೆ. ಮೇಷ್ಟರು, ಗುಮಾಸ್ತರು, ಬ್ಯಾಂಕಿನವರು, ಸರ್ಕಾರಿ ಕಚೇರಿಯವರು. ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಕಂತು ಕಟ್ಟಿ, ಅರ್ಧ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿ, ಮಿಕ್ಕರ್ಧವನ್ನು ಮಗಳ ಮದುವೆ ಆದಮೇಲೆ ನೋಡಿಕೊಳ್ಳೋಣ ಅಂದುಕೊಂಡವರು. ಇವರಿಗೆ ಊರಿನ ಗೌಡರು ಹೇಳಿದ ಕಡೆ ಓಟು ಹಾಕಬೇಕಾದ ಪ್ರಮೇಯವಿಲ್ಲ. ಬೆಳಗ್ಗೆ ಪೇಪರು ಓದುತ್ತಾರೆ, ಸಂಜೆ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಭಾಷಣ ಇದ್ದರೆ ಹೋಗಿ ನಿಂತು ಕೇಳುತ್ತಾರೆ, ಗಾಂಧಿ ಬಜಾರಿನಲ್ಲಿ ತರಕಾರಿ ತೆಗೆದುಕೊಳ್ಳುವಾಗ ಅದರ ಚರ್ಚೆ ಮಾಡುತ್ತಾರೆ. 1977 ಅರ್ಥವಾಗಬೇಕಾದರೆ ಈ ಜನ ಅರ್ಥವಾಗಬೇಕು.

1977ಕ್ಕೆ ಮುಂಚೆ ಇಲ್ಲೂ ಎಲ್ಲ ಕಡೆಯ ಹಾಗೆ ಕಾಂಗ್ರೆಸ್ಸೇ. ಗಡಿ ಬದಲಾಗುತ್ತಿತ್ತು, ಕ್ಷೇತ್ರದ ಹೆಸರು ಬದಲಾಗುತ್ತಿತ್ತು, ಗೆಲ್ಲುವ ಪಕ್ಷ ಬದಲಾಗುತ್ತಿರಲಿಲ್ಲ. ಕೊನೆಯಲ್ಲಿ ಇದ್ದವರು ಕೆಂಗಲ್ ಹನುಮಂತಯ್ಯನವರು. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ, ಆಮೇಲೆ ದೆಹಲಿಯಲ್ಲಿ ರೈಲ್ವೆ ಮಂತ್ರಿ. ಬೆಂಗಳೂರಿನಲ್ಲಿ ಅವರನ್ನು ಸೋಲಿಸುತ್ತೇವೆ ಅಂತ ಯಾರಾದರೂ ಹೇಳಿದ್ದರೆ ಜನ ನಂಬುತ್ತಿರಲಿಲ್ಲ.

ಅವರನ್ನು ಸೋಲಿಸಿದವರು ಕಾರ್ಕಳ ಕಡೆಯ ಒಬ್ಬ ನ್ಯಾಯಮೂರ್ತಿ. ಕೌಡೂರು ಸದಾನಂದ ಹೆಗ್ಡೆ. ಕೆ.ಎಸ್. ಹೆಗ್ಡೆ ಅಂದರೆ ಎಲ್ಲರಿಗೂ ಗೊತ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಕಾಸರಗೋಡಿನಲ್ಲಿ ಎಡನೀರು ಅಂತ ಒಂದು ಮಠ ಇದೆ. ಕನ್ನಡದ ಮಠ. ಆಗ ಅದರ ಸ್ವಾಮಿಗಳಾಗಿದ್ದವರು ಕೇಶವಾನಂದ ಭಾರತಿಯವರು. ಕೇರಳ ಸರ್ಕಾರದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನಿಗೆ ಕುತ್ತು ಬಂದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಜಮೀನಿನ ಕೇಸು ಬೆಳೆದು ಬೆಳೆದು ದೇಶದ ಸಂವಿಧಾನದ ಕೇಸಾಯಿತು. ಪ್ರಶ್ನೆ ಇಷ್ಟೇ: ಸಂಸತ್ತಿನಲ್ಲಿ ಬೇಕಾದಷ್ಟು ಬಹುಮತ ಇದೆ ಅಂತ ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದಬಹುದಾ? 13 ನ್ಯಾಯಾಧೀಶರು ಕೂತು ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಮುಟ್ಟುವ ಹಾಗಿಲ್ಲ. ಆ ಕಡೆ 7 ಜನ, ಈ ಕಡೆ 6 ಜನ. ಒಂದೇ ಒಂದು ಮತದ ಅಂತರ. ಮುಟ್ಟುವ ಹಾಗಿಲ್ಲ ಅಂದ ಏಳು ಜನರಲ್ಲಿ ಹೆಗ್ಡೆಯವರೂ ಒಬ್ಬರು.

ಮಾರನೆಯ ದಿನವೇ ಇಂದಿರಾ ಗಾಂಧಿಯವರ ಸರ್ಕಾರ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಹೇಳಿತು. ಹಿರಿತನದ ಪ್ರಕಾರ ಸರದಿಯಲ್ಲಿ ಮುಂದಿದ್ದವರು ಶೆಲಟ್, ಹೆಗ್ಡೆ, ಗ್ರೋವರ್. ಆ ಮೂವರನ್ನೂ ಬಿಟ್ಟು ನಾಲ್ಕನೆಯವರಾದ ಎ.ಎನ್. ರೇ ಅವರನ್ನು ತಂದು ಕೂರಿಸಿದರು. ಬಿಟ್ಟುಹೋದ ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರೇ. ಮೂವರೂ ರಾಜೀನಾಮೆ ಕೊಟ್ಟರು.

ಅಲ್ಲಿಂದ ಎರಡು ವರ್ಷಕ್ಕೆ ತುರ್ತು ಪರಿಸ್ಥಿತಿ. 1975ರ ಜೂನ್ 26. ಅವತ್ತು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಇದ್ದರು, ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದರು. ಇಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಫ್ರೀಡಂ ಪಾರ್ಕ್ ಅಂತೀರಲ್ಲ, ಅದೇ ಜಾಗ. ಅಂದರೆ ಬೆಂಗಳೂರಿನವರಿಗೆ ತುರ್ತು ಪರಿಸ್ಥಿತಿ ಎಲ್ಲೋ ದೆಹಲಿಯಲ್ಲಿ ಆದದ್ದಲ್ಲ. ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಹೋಗುವವರಿಗೆ ಕೂಗಳತೆಯಲ್ಲಿದ್ದ ಜೈಲಿನೊಳಗೆ ವಿರೋಧ ಪಕ್ಷದ ನಾಯಕರು ಕೂತಿದ್ದರು. ಪೇಪರು ಓದುವ ಜನ ಅಂದೆನಲ್ಲ, ಆ ಜನಕ್ಕೆ ಪೇಪರಿನಲ್ಲಿ ಇದೇನೂ ಓದೋಕೆ ಸಿಗುತ್ತಿರಲಿಲ್ಲ, ಸೆನ್ಸಾರು. ಬಾಯಿಂದ ಬಾಯಿಗೆ ಸುದ್ದಿ.

1977ರ ಮಾರ್ಚಿನಲ್ಲಿ ಚುನಾವಣೆ. ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದಿಂದ ನಿಂತವರು ಕೆ.ಎಸ್. ಹೆಗ್ಡೆ. ಹೊಸ ಪಕ್ಷ, ಸ್ವಂತ ಗುರುತು ಕೂಡ ಇಲ್ಲ. ಲೋಕದಳದ ಗುರುತನ್ನೇ ಇಟ್ಟುಕೊಂಡರು, ಚಕ್ರದ ಒಳಗೆ ನೇಗಿಲು ಹೊತ್ತ ರೈತ. ಎದುರಿಗೆ ಕಾಂಗ್ರೆಸ್ಸಿನ ಹಸು ಕರು, ಊರಿಗೆಲ್ಲ ಪರಿಚಯದ ಗುರುತು. ಜಯನಗರದ ಬ್ಯಾಂಕ್ ಗುಮಾಸ್ತರು, ಬಸವನಗುಡಿಯ ಮೇಷ್ಟರ ಮನೆಯವರು ಹೋಗಿ ನೇಗಿಲು ಹೊತ್ತವನ ಮೇಲೆ ಠಸ್ಸೆ ಒತ್ತಿ ಬಂದರು. ಹನುಮಂತಯ್ಯನವರು ಸೋತರು.

ಅದರಲ್ಲೇನು ವಿಶೇಷ, ಆ ಸಲ ದೇಶವೆಲ್ಲ ಜನತಾ ಅಲೆ ಇತ್ತಲ್ಲ ಅಂತ ನೀವು ಕೇಳಬಹುದು. ಇಲ್ಲೇ ಎಲ್ಲರೂ ಎಡವುವುದು. ಉತ್ತರದಲ್ಲಿ ಅಲೆ ಇತ್ತು. ಕರ್ನಾಟಕದಲ್ಲಿ ಇರಲಿಲ್ಲ! ಇಲ್ಲಿ ದೇವರಾಜ ಅರಸು ಮುಖ್ಯಮಂತ್ರಿ, ಉಳುವವನಿಗೆ ಭೂಮಿ ಕೊಟ್ಟಿದ್ದರು, ಹಿಂದುಳಿದವರನ್ನು ಮೇಲೆ ತಂದಿದ್ದರು, ಹಳ್ಳಿಗಳು ಪೂರ್ತಿ ಅವರ ಕಡೆ. ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. ಜನತಾ ಪಕ್ಷಕ್ಕೆ ಬಂದದ್ದು ಎರಡೇ. ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಹೆಗ್ಡೆಯವರ ಸ್ವಂತ ಕರಾವಳಿಯಲ್ಲೂ ಮಂಗಳೂರು, ಉಡುಪಿ ಎರಡೂ ಕಾಂಗ್ರೆಸ್ಸೇ ಗೆದ್ದಿತು. ಅಷ್ಟು ದೂರ ಯಾಕೆ, ಪಕ್ಕದ ಬೆಂಗಳೂರು ಉತ್ತರ ನೋಡಿ. ಅಲ್ಲಿ ಕಾಂಗ್ರೆಸ್ಸಿನ ಜಾಫರ್ ಷರೀಫ್ ಗೆದ್ದರು, 1991ರವರೆಗೂ ಗೆಲ್ಲುತ್ತಲೇ ಹೋದರು. ಒಂದೇ ಊರು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ದಕ್ಷಿಣದವರು ಅಲೆಯಲ್ಲಿ ತೇಲಿಕೊಂಡು ಹೋಗಲಿಲ್ಲ. ತಮ್ಮ ರಾಜ್ಯದ ಅಲೆಗೆ ಎದುರು ನಿಂತರು. ಅದಕ್ಕೇ ನಾನು 1977 1977 ಅಂತ ಹೇಳುತ್ತಿರೋದು.

ಕತೆ ಇನ್ನೂ ಇದೆ. ಗೆದ್ದ ಹೆಗ್ಡೆಯವರು ಅದೇ ವರ್ಷ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು. ಮುಂದಿನ ವರ್ಷ, 1978ರ ನವೆಂಬರ್‌ನಲ್ಲಿ, ಇಂದಿರಾ ಗಾಂಧಿಯವರು ನಮ್ಮ ಚಿಕ್ಕಮಗಳೂರಿನಿಂದ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದರು. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಮೇಲೆ ಸದನ ಅವರನ್ನು ಉಚ್ಚಾಟನೆ ಮಾಡಿತು, ಅಧಿವೇಶನ ಮುಗಿಯುವ ತನಕ ತಿಹಾರ್ ಜೈಲಿಗೂ ಕಳಿಸಿತು. ಆಗ ಸ್ಪೀಕರ್ ಯಾರು? 1973ರಲ್ಲಿ ಯಾರನ್ನು ಹಿಂದಕ್ಕೆ ತಳ್ಳಿದ್ದರೋ ಅದೇ ಕೆ.ಎಸ್. ಹೆಗ್ಡೆ. ಯೋಚನೆ ಮಾಡಿ. ಹೋದವರು ಚಿಕ್ಕಮಗಳೂರಿನ ಸದಸ್ಯೆ, ಪೀಠದಲ್ಲಿದ್ದವರು ಬೆಂಗಳೂರು ದಕ್ಷಿಣದ ಸದಸ್ಯ. ದೇಶದ ಅಷ್ಟು ದೊಡ್ಡ ಜಗಳದ ಎರಡೂ ತುದಿ ಕರ್ನಾಟಕದಲ್ಲೇ ಇತ್ತು. ಇದನ್ನು ಶಾಲೆಯಲ್ಲಿ ಮಕ್ಕಳಿಗೆ ಯಾಕೆ ಹೇಳಿಕೊಡುವುದಿಲ್ಲ ಅಂತ ನನಗೆ ನಿಜವಾಗಿಯೂ ಬೇಜಾರಿದೆ.

ಸರಿ. 1980ಕ್ಕೆ ಬರೋಣ. ಜನತಾ ಸರ್ಕಾರ ಕಿತ್ತಾಡಿಕೊಂಡು ಬಿದ್ದುಹೋಯಿತು. ಇಂದಿರಾ ಗಾಂಧಿ ಭರ್ಜರಿಯಾಗಿ ವಾಪಸ್ ಬಂದರು. ಕರ್ನಾಟಕದಲ್ಲಿ 28ಕ್ಕೆ 27 ಅವರಿಗೇ. ಆ ಉಳಿದ ಒಂದು ಯಾವುದು? ಬೆಂಗಳೂರು ದಕ್ಷಿಣ. ಜನತಾ ಪಕ್ಷದ ಟಿ.ಆರ್. ಶಾಮಣ್ಣನವರು ಗೆದ್ದರು. ಇಡೀ ರಾಜ್ಯದ ನಕ್ಷೆಯಲ್ಲಿ ಒಂದೇ ಒಂದು ಚುಕ್ಕೆ ಬೇರೆ ಬಣ್ಣ. ಅಭ್ಯರ್ಥಿ ಬೇರೆ, ಕಾಲ ಬೇರೆ, ತುರ್ತು ಪರಿಸ್ಥಿತಿಯ ಸಿಟ್ಟೂ ದೇಶದಲ್ಲಿ ಆರಿಹೋಗಿತ್ತು. ಆದರೂ ಈ ಜನ ಪಟ್ಟು ಬಿಡಲಿಲ್ಲ. 1977 ಸುಮ್ನೆ ಒಂದು ಸಲದ ಸಿಟ್ಟು ಅಂತ ಹೇಳುವವರಿಗೆ 1980 ಉತ್ತರ.

1984ರ ಡಿಸೆಂಬರ್. ಇಂದಿರಾ ಗಾಂಧಿಯವರ ಹತ್ಯೆ ಆಗಿತ್ತು, ರಾಜೀವ್ ಗಾಂಧಿಯವರ ಕಡೆ ದೇಶದ ಅನುಕಂಪವೆಲ್ಲ ಹರಿದಿತ್ತು. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 24, ಜನತಾ ಪಕ್ಷಕ್ಕೆ 4. ಆ ನಾಲ್ಕರಲ್ಲಿ ಮತ್ತೆ ಬೆಂಗಳೂರು ದಕ್ಷಿಣ, ಗೆದ್ದವರು ಸ್ವಾತಂತ್ರ್ಯ ಹೋರಾಟಗಾರ ವಿ.ಎಸ್. ಕೃಷ್ಣ ಅಯ್ಯರ್. ರಾಜ್ಯದಲ್ಲಿ ಪಕ್ಷ ಹೀಗೆ ಸೋತ ಮೇಲೆ ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು, ಜನ ನಮ್ಮ ಕಡೆ ಇಲ್ಲ ಅಂದಮೇಲೆ ಕುರ್ಚಿಯಲ್ಲಿ ಕೂರುವುದು ಸರಿಯಲ್ಲ ಅಂತ ರಾಜೀನಾಮೆ ಕೊಟ್ಟು 1985ರಲ್ಲಿ ವಿಧಾನಸಭೆಗೆ ಚುನಾವಣೆ ತಂದರು. ಆಗ ಅವರು ನಿಂತು ಗೆದ್ದ ಕ್ಷೇತ್ರ ಯಾವುದು ಗೊತ್ತಾ? ಬಸವನಗುಡಿ! ಪಕ್ಷಕ್ಕೆ 139 ಸ್ಥಾನ ಬಂತು.

ಸ್ಟುಡಿಯೊ ಗಾಜಿನ ಆಚೆಯಿಂದ ಟೈಮು ಜಾಸ್ತಿ ಇಲ್ಲ ಅಂತ ಕೈ ತೋರಿಸುತ್ತಿದ್ದಾರೆ. ಮಿಕ್ಕದ್ದನ್ನು ಬೇಗ ಹೇಳುತ್ತೇನೆ, ಅದು ನಿಮಗೆ ಗೊತ್ತಿರುವುದೇ.

1989ರಲ್ಲಿ ಜನತಾದವರ ಒಳಜಗಳಕ್ಕೆ ಈ ಜನವೂ ಬೇಸತ್ತರು. ಕಾಂಗ್ರೆಸ್ಸಿನ ಆರ್. ಗುಂಡೂರಾವ್ ಗೆದ್ದರು, ಕೊಡಗಿನವರು, ಹಿಂದೆ ಮುಖ್ಯಮಂತ್ರಿ ಆಗಿದ್ದವರು. 1977ರಿಂದ ಈಚೆಗೆ ಇಲ್ಲಿ ಕಾಂಗ್ರೆಸ್ಸಿನ ಗೆಲುವು ಅಂದರೆ ಅದೊಂದೇ. ಎರಡೇ ವರ್ಷದಲ್ಲಿ, 1991ರಲ್ಲಿ, ಬಿಜೆಪಿಯಿಂದ ಅರ್ಥಶಾಸ್ತ್ರದ ಪ್ರೊಫೆಸರ್ ಕೆ. ವೆಂಕಟಗಿರಿಗೌಡರು ಬಂದರು. ಆ ಸಲವೇ ಬಿಜೆಪಿ ಕರ್ನಾಟಕದಲ್ಲಿ ಲೋಕಸಭೆಗೆ ಮೊದಲ ಸಲ ಗೆದ್ದದ್ದು. ಒಟ್ಟು 4 ಸ್ಥಾನ: ಮಂಗಳೂರು, ತುಮಕೂರು, ಬೀದರ್, ಬೆಂಗಳೂರು ದಕ್ಷಿಣ. ರಾಜ್ಯದಲ್ಲಿ ಆಗಲೂ ಕಾಂಗ್ರೆಸ್ಸೇ ಜೋರು. ನೋಡಿ, 1991ರಲ್ಲೂ ಇದು ರಾಜ್ಯದ ಅಲೆಗೆ ಎದುರಾಗಿಯೇ ಹಾಕಿದ ಓಟು. ಅಭ್ಯಾಸ 1977ರದ್ದು, ಪಕ್ಷ ಮಾತ್ರ ಹೊಸದು. ಕೆ.ಎಸ್. ಹೆಗ್ಡೆಯವರು ಕೂಡ ಜನತಾ ಪಕ್ಷ ಒಡೆದ ಮೇಲೆ ಬಿಜೆಪಿಗೆ ಹೋಗಿ ಅದರ ಉಪಾಧ್ಯಕ್ಷರಾಗಿದ್ದವರೇ. ಅವರು ನಡೆದ ದಾರಿಯಲ್ಲೇ ಕ್ಷೇತ್ರವೂ ನಡೆಯಿತು.

1996ರಿಂದ 2014ರವರೆಗೆ ಅನಂತಕುಮಾರ್. ಸತತ 6 ಸಲ. 1998ರಲ್ಲಿ ವಾಜಪೇಯಿಯವರ ಸಂಪುಟದಲ್ಲಿ ವಿಮಾನಯಾನ ಮಂತ್ರಿ. ಅವರಿಗೂ ಪ್ರತಿಸಲ ಸುಲಭ ಇರಲಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಗಡಿ ಬದಲಾಯಿತು, 2009ರಲ್ಲಿ ಕಾಂಗ್ರೆಸ್ಸಿನಿಂದ ಕೃಷ್ಣ ಬೈರೇಗೌಡ ನಿಂತರು, ಅಂತರ 37 ಸಾವಿರದ ಆಸುಪಾಸಿಗೆ ಇಳಿಯಿತು. 2014ರಲ್ಲಿ ಕಾಂಗ್ರೆಸ್ ನಂದನ್ ನಿಲೇಕಣಿಯವರನ್ನು ನಿಲ್ಲಿಸಿತು. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರು, ಆಧಾರ್ ತಂದವರು. ಓದಿದವರ ಕ್ಷೇತ್ರ, ಓದಿದವರನ್ನೇ ಗೆಲ್ಲಿಸುತ್ತೆ ಅಂತ ಲೆಕ್ಕ. ಸೋತದ್ದು ಸುಮಾರು 2 ಲಕ್ಷ 28 ಸಾವಿರ ಓಟಿನಿಂದ. ಆ ಲೆಕ್ಕ ಹಾಕಿದವರು 1977 ಓದಿಕೊಂಡಿರಲಿಲ್ಲ. ಹೆಗ್ಡೆಯವರನ್ನು ಗೆಲ್ಲಿಸಿದ್ದು ಅವರ ಡಿಗ್ರಿ ಅಲ್ಲ. ಕಾಂಗ್ರೆಸ್ ಸರ್ಕಾರಕ್ಕೆ ಎದುರು ನಿಂತು ಕುರ್ಚಿ ಬಿಟ್ಟು ಬಂದವರು ಅನ್ನೋದು.

2018ರ ನವೆಂಬರ್‌ನಲ್ಲಿ ಅನಂತಕುಮಾರ್ ತೀರಿಕೊಂಡರು. 2019ರಲ್ಲಿ 28 ವಯಸ್ಸಿನ ತೇಜಸ್ವಿ ಸೂರ್ಯ 3 ಲಕ್ಷ 31 ಸಾವಿರದ ಅಂತರದಲ್ಲಿ ಗೆದ್ದರು. 2024ರಲ್ಲಿ ಅವರೇ ಮತ್ತೆ ಗೆದ್ದರು, ಅಂತರ ಸುಮಾರು 2 ಲಕ್ಷ 77 ಸಾವಿರ. ಎದುರಿಗೆ ನಿಂತಿದ್ದವರು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ.

ಹಾಗಾದರೆ ಇಲ್ಲಿ ಕಾಂಗ್ರೆಸ್ಸಿಗೆ ಓಟೇ ಇಲ್ವಾ? ಇದೆ, ಚೆನ್ನಾಗಿಯೇ ಇದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿನ 8 ವಿಧಾನಸಭಾ ಕ್ಷೇತ್ರಗಳಲ್ಲಿ ಬಿಟಿಎಂ, ವಿಜಯನಗರ, ಗೋವಿಂದರಾಜನಗರ, ಮೂರನ್ನು ಕಾಂಗ್ರೆಸ್ಸೇ ಗೆದ್ದಿತು. ಜಯನಗರದಲ್ಲಿ ಸೌಮ್ಯಾ ರೆಡ್ಡಿಯವರು ಸೋತದ್ದು 16 ಓಟಿನಿಂದ. ಹದಿನಾರು ಸಾವಿರ ಅಲ್ಲ, ಬರೀ ಹದಿನಾರು. ಎಣಿಸಿ, ಮತ್ತೆ ಎಣಿಸಿ, ರಾತ್ರಿ ಆಗಿಹೋಯಿತು. ಅದೇ ಬೀದಿ, ಅದೇ ಮನೆ, ಒಂದು ವರ್ಷ ಆದಮೇಲೆ ಲೋಕಸಭೆಗೆ ಬಂದರೆ ಅಂತರ ಲಕ್ಷಗಟ್ಟಲೆ. ಬೆಂಗಳೂರಿಗೆ ಯಾರು, ದೆಹಲಿಗೆ ಯಾರು ಅಂತ ಈ ಜನ ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ದೆಹಲಿಯ ಲೆಕ್ಕ 1977ರಲ್ಲಿ ಹಾಕಿದ್ದು.

ಒಂದು ವಿಷಯ ಮಾತ್ರ ನನಗೆ ತಡೆದುಕೊಳ್ಳೋಕೆ ಆಗುವುದಿಲ್ಲ. ಇಂಥ ಚರಿತ್ರೆ ಇರುವ ಕ್ಷೇತ್ರದಲ್ಲಿ 2019ರಲ್ಲೂ 2024ರಲ್ಲೂ ಮತ ಹಾಕಿದವರು ನೂರಕ್ಕೆ 53ರ ಆಸುಪಾಸು. ಮಿಕ್ಕವರು ಎಲ್ಲಿದ್ದರು? ಎಷ್ಟೋ ಜನ ಬಾಡಿಗೆ ಮನೆ ಬದಲಾಯಿಸಿರುತ್ತಾರೆ, ಹೆಸರು ಹಳೇ ಬಡಾವಣೆಯ ಪಟ್ಟಿಯಲ್ಲೇ ಉಳಿದಿರುತ್ತದೆ. ಅದನ್ನು ಚುನಾವಣೆಯ ದಿನ ಬೆಳಗ್ಗೆ ಮತಗಟ್ಟೆಯ ಮುಂದೆ ನಿಂತುಕೊಂಡು ಕಂಡುಹಿಡಿದರೆ ಏನು ಪ್ರಯೋಜನ ಹೇಳಿ? ಮನೆ ಬದಲಾಯಿಸಿದವರು ಫಾರಂ 8 ಹಾಕಬೇಕು. ಮನೆಯಲ್ಲಿ 18 ತುಂಬಿದ ಮಕ್ಕಳಿದ್ದರೆ ಅವರಿಗೆ ಫಾರಂ 6. ಆನ್‌ಲೈನಿನಲ್ಲೂ ಹಾಕಬಹುದು, ನಿಮ್ಮ ಭಾಗದ ಬಿಎಲ್ಓ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಅವರ ಕೈಗೂ ಕೊಡಬಹುದು. ಯಾರಿಗೆ ಹಾಕುತ್ತೀರೋ ನನಗೆ ಬೇಡ. ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಈ ವಾರವೇ ನೋಡಿಕೊಳ್ಳಿ.

ಇಷ್ಟು ಹೊತ್ತು ಕೇಳಿದಿರಿ, ನಮಸ್ಕಾರ.